ಅಪ್ಪನ ಹಳೆ ಬ್ಯಾಟ್ರಿಯ ಬೆಳಕು: ಎಮಿಸಾರ್ ಡಿ4ವಿ2, ಮೂರು ಮಳೆಗಾಲ ಕಳೆದ ಮೇಲೆ

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅನ್ನುತ್ತಾರೆ, ಅದರೊಳಗೆ ಹಾಕುವುದಕ್ಕೆ ಶೆಲ್ ಅನ್ನುತ್ತಾರೆ. ಗೊಂದಲ ಬೇಡ ಅಂತ ಇಲ್ಲಿ ಟಾರ್ಚ್, ಶೆಲ್ ಅಂತಲೇ ಬರೆಯುತ್ತೇನೆ. ಮನೆ ತೀರ್ಥಹಳ್ಳಿ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ. ಬಸ್ಸಿಳಿದು ಮನೆಗೆ ಮುಕ್ಕಾಲು ಕಿಲೋಮೀಟರ್ ತೋಟದ ದಾರಿ, ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರದೇ ಇರುವುದೂ ಉಂಟು. ಹಾಗಾಗಿ ಟಾರ್ಚ್ ನನಗೆ ಷೋಕಿಗೆ ಇಟ್ಟುಕೊಳ್ಳುವ ವಸ್ತು ಅಲ್ಲ. ಆದರೆ ಷೋಕಿಯೂ ಹೌದು, ಅದನ್ನು ಮುಚ್ಚಿಡುವುದಿಲ್ಲ. ಮೂರು ವರ್ಷದಿಂದ ಪ್ರತಿ ದಿನ ಜೇಬಿನಲ್ಲಿ ಇರುವುದು ಎಮಿಸಾರ್ ಡಿ4ವಿ2.

10 ಸೆಂಟಿಮೀಟರಿಗೂ ಕಮ್ಮಿ ಉದ್ದ. ಮುಷ್ಟಿಯಲ್ಲಿ ಹಿಡಿದರೆ ತಲೆ ಮಾತ್ರ ಹೊರಗೆ ಕಾಣುತ್ತದೆ. ತಲೆಯಲ್ಲಿ ನಾಲ್ಕು ಎಲ್‌ಇಡಿ, ಪಕ್ಕದಲ್ಲಿ ಒಂದೇ ಗುಂಡಿ, ಒಳಗೆ 18650 ಅನ್ನುವ ಅಳತೆಯ, ಚಾರ್ಜ್ ಮಾಡಬಹುದಾದ ಒಂದು ಲಿಥಿಯಂ ಶೆಲ್. ಚೀನಾದಿಂದ ಬರುತ್ತದೆ. ಯಾವ ಎಲ್‌ಇಡಿ ಬೇಕು, ಬೆಳಕು ಎಷ್ಟು ಬೆಚ್ಚಗಿರಬೇಕು (ಅಂದರೆ ಎಷ್ಟು ಹಳದಿ ಇರಬೇಕು), ಮೈ ಯಾವ ಬಣ್ಣದ್ದು, ಮುಂದಿನ ಲೆನ್ಸ್ ನುಣುಪಿನದ್ದೋ ಮಬ್ಬಿನದ್ದೋ, ಎಲ್ಲ ಆರಿಸಿ ಹೇಳಿದರೆ ಹಾಗೇ ಜೋಡಿಸಿ ಕಳಿಸುತ್ತಾರೆ. ನನಗೆ ಬಿದ್ದಿದ್ದು ಸುಮಾರು 50 ಡಾಲರ್, ಮೇಲೆ ಕಸ್ಟಮ್ಸ್ ಬೇರೆ. ಟಾರ್ಚಿಗೆ ಇಷ್ಟು ದುಡ್ಡಾ ಅಂತ ಮನೆಯಲ್ಲಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಉದ್ದ ಇದೆ.

ಅಪ್ಪನ ಹತ್ತಿರ ಮೂರು ಶೆಲ್ಲಿನ ಎವರೆಡಿ ಇತ್ತು. ತಂತಿ ಬಲ್ಬಿನದ್ದು. ಬೆಳಕು ಕಮ್ಮಿ, ಹಳದಿ, ಶೆಲ್ ಇಳಿದ ಹಾಗೆ ಇನ್ನೂ ಕೆಂಪಗಾಗುತ್ತಿತ್ತು. ಆದರೆ ಆ ಬೆಳಕಿನಲ್ಲಿ ಮಣ್ಣು ಮಣ್ಣಿನ ಹಾಗೆ, ಎಲೆ ಎಲೆಯ ಹಾಗೆ ಕಾಣುತ್ತಿತ್ತು. ಆಮೇಲೆ ಪೇಟೆಯಲ್ಲಿ ಚಾರ್ಜಿಂಗ್ ಎಲ್‌ಇಡಿ ಟಾರ್ಚ್‌ಗಳು ಬಂದವು. ಬೆಳಕೇನೋ ಎರಡು ಪಾಲಾಯಿತು, ಬಣ್ಣ ಮಾತ್ರ ಹೋಯಿತು. ನೀಲಿ ಮಿಶ್ರಿತ ಬಿಳಿ ಬೆಳಕಿನಲ್ಲಿ ತೋಟದ ದಾರಿ ಪೂರ್ತಿ ಬೂದಿ ಬಳಿದ ಹಾಗೆ. ಒಣಗಿದ ಅಡಿಕೆ ಸೋಗೆ, ಹಾಳೆ, ಕೊಳೆತ ಎಲೆ, ಅದರ ಮಧ್ಯೆ ಮಲಗಿದ ಕೊಳಕುಮಂಡಲ ಹಾವು, ಎಲ್ಲ ಒಂದೇ ಬೂದು. ನಮ್ಮ ಕಡೆಯವರಿಗೆ ಇದು ಸಣ್ಣ ವಿಷಯ ಅಲ್ಲ.

ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವುದಕ್ಕೆ ಸಿಆರ್‌ಐ ಅಂತ ಒಂದು ಅಳತೆ ಇದೆ. ಗರಿಷ್ಠ 100. ಹಳೆ ತಂತಿ ಬಲ್ಬಿನದ್ದು ಹೆಚ್ಚುಕಮ್ಮಿ 100 ಇರುತ್ತಿತ್ತು. ಅಗ್ಗದ ಟಾರ್ಚ್‌ಗಳ ಎಲ್‌ಇಡಿ 70ರ ಆಸುಪಾಸು. ನಾನು ಹಾಕಿಸಿಕೊಂಡಿದ್ದು ನಿಚಿಯಾ ಕಂಪನಿಯ 519ಎ, ಅದು 90ರ ಮೇಲೆ. ಅದರಲ್ಲೂ ಗಾಢ ಕೆಂಪು ಬಣ್ಣಕ್ಕೆ ಆರ್9 ಅಂತ ಬೇರೆಯೇ ಒಂದು ಅಂಕೆ ಇದೆ, ಸಾಮಾನ್ಯ ಎಲ್‌ಇಡಿಗಳು ಸೋಲುವುದು ಅಲ್ಲೇ, 519ಎ ಗೆಲ್ಲುವುದೂ ಅಲ್ಲೇ. ನಿಚಿಯಾ ಜಪಾನಿನ ಕಂಪನಿ. 2014ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರಾದ ಶುಜಿ ನಕಮುರಾ ಪ್ರಖರ ನೀಲಿ ಎಲ್‌ಇಡಿ ಮಾಡಿದ್ದು ಇದೇ ಕಂಪನಿಯಲ್ಲಿದ್ದಾಗ. ಬಿಳಿ ಎಲ್‌ಇಡಿ ಅಂದರೆ ನೀಲಿ ಎಲ್‌ಇಡಿ ಮೇಲೆ ಹಳದಿ ಪುಡಿಯ ಪದರ, ಅಷ್ಟೇ. ಆ ಪದರ ಹೇಗಿದೆ ಅನ್ನುವುದರ ಮೇಲೆ ಬಣ್ಣ ನಿಂತಿದೆ.

ಅಡಿಕೆ ಬೇಯಿಸುವ ಸಮಯದಲ್ಲಿ ಇದು ಪೂರ್ತಿ ಅರ್ಥ ಆಯಿತು. ಸುಲಿತ ಮುಗಿದು ಹಂಡೆಗೆ ಹಾಕುವ ಹೊತ್ತಿಗೆ ರಾತ್ರಿ ಒಂಬತ್ತು ದಾಟಿತ್ತು, ಕರೆಂಟ್ ಇರಲಿಲ್ಲ. ದೊಡ್ಡಪ್ಪ ತಮ್ಮ ಚಾರ್ಜಿಂಗ್ ಟಾರ್ಚ್ ಹಂಡೆಗೆ ಹಿಡಿದರು. ಚೊಗರು, ಅಂದರೆ ಅಡಿಕೆ ಬೇಯುವ ನೀರು, ಕಪ್ಪು ಕಪ್ಪು, ಮಸಿ ನೀರಿನ ಹಾಗೆ. ನಾನು ನನ್ನದನ್ನು ಹಿಡಿದೆ. ಆವಿಯ ಅಡಿಯಲ್ಲಿ ಚೊಗರಿನ ಕೆಂಪು ಎದ್ದು ಬಂತು. ದೊಡ್ಡಪ್ಪ ಜಾಲರಿ ಸೌಟಿನಲ್ಲಿ ನಾಲ್ಕು ಅಡಿಕೆ ಎತ್ತಿ, ಒಂದನ್ನು ಕತ್ತರಿಸಿ, ಬೆಳಕಿಗೆ ಹಿಡಿದು ಎರಡೂ ಹೋಳು ತಿರುಗಿಸಿ ನೋಡಿದರು. "ಎಂಥ ಮಾರಾಯ ಇದು, ಹಗಲಲ್ಲಿ ನೋಡಿದ ಹಾಗೇ ಉಂಟಲ್ಲ. ಇದಕ್ಕೆ ಶೆಲ್ ಎಷ್ಟು?" ಒಂದೇ ಅಂದೆ. ನಂಬಲಿಲ್ಲ, ಬಿಚ್ಚಿ ತೋರಿಸಬೇಕಾಯಿತು. ಪಕ್ಕದಲ್ಲಿ ನಿಂತಿದ್ದ ಅಪ್ಪ ಹೇಳಿದ್ದು ಒಂದೇ ಮಾತು: "ಇದು ನಮ್ಮ ಹಳೆ ಬ್ಯಾಟ್ರಿ ಬೆಳಕು."

ಟಾರ್ಚ್ ಕೊಳ್ಳುವವರಿಗೆ ನಾನು ಹೇಳುವುದೂ ಅದನ್ನೇ. ಲ್ಯುಮೆನ್ ಅಂದರೆ ಒಟ್ಟು ಎಷ್ಟು ಬೆಳಕು ಅನ್ನುವ ಅಳತೆ, ಆ ಲೆಕ್ಕ ನೋಡಿ ಮರುಳಾಗಬೇಡಿ. ಡಿ4ವಿ2ನಲ್ಲಿ ಕೆಲವು ಎಲ್‌ಇಡಿ ಹಾಕಿಸಿದರೆ 4000 ಲ್ಯುಮೆನ್ ಹತ್ತಿರ ಹೋಗುತ್ತದೆ, 519ಎ ಹಾಕಿದರೆ ಅದಕ್ಕಿಂತ ಕಮ್ಮಿ. ಕಣ್ಣಿಗೆ ಬೆಳಕು ಎರಡು ಪಾಲು ಅನ್ನಿಸಬೇಕಾದರೆ ಲ್ಯುಮೆನ್ ಸುಮಾರು ನಾಲ್ಕು ಪಾಲಾಗಬೇಕು, ಹಾಗಾಗಿ ಆ ವ್ಯತ್ಯಾಸ ಅಂಗಳದಲ್ಲಿ ನಿಂತರೆ ಗೊತ್ತೇ ಆಗುವುದಿಲ್ಲ. ಮೇಲಾಗಿ ಅಷ್ಟು ಸಣ್ಣ ಮೈಯಲ್ಲಿ ಅಷ್ಟು ಬೆಳಕು ನಿಲ್ಲುವುದೂ ಇಲ್ಲ. ಪೂರ್ತಿ ಏರಿಸಿದರೆ ನಿಮಿಷದೊಳಗೆ ಕೈ ಸುಡುತ್ತದೆ, ಟಾರ್ಚ್ ತಾನೇ ಬೆಳಕು ಇಳಿಸಿಕೊಳ್ಳುತ್ತದೆ. ದಿನಾ ಬೇಕಾಗುವುದು ಇನ್ನೊಂದು ತುದಿ. ರಾತ್ರಿ ಎರಡು ಗಂಟೆಗೆ ಮಗು ಎಬ್ಬಿಸದೆ ನೀರು ಕುಡಿಯಲು ಎದ್ದಾಗ ಒಂದು ಲ್ಯುಮೆನ್‌ಗಿಂತ ಕಮ್ಮಿ ಬೆಳಕು ಸಾಕು, ಗುಂಡಿ ಒತ್ತಿ ಹಿಡಿದರೆ ಮೊದಲು ಬರುವುದೇ ಅದು. ಹಿಡಿದೇ ಇದ್ದರೆ ನಿಧಾನಕ್ಕೆ ಏರುತ್ತದೆ, ಬೇಕಾದಲ್ಲಿ ಬಿಟ್ಟುಬಿಡಿ.

ಈ ಗುಂಡಿಯ ಹಿಂದೆ ಇರುವುದು ಆಂಡುರಿಲ್ ಅನ್ನುವ ಪ್ರೋಗ್ರಾಂ. ಟಾಯ್‌ಕೀಪರ್ ಅನ್ನುವ ಹೆಸರಿನಲ್ಲಿ ಬರೆಯುವವರೊಬ್ಬರು ಮಾಡಿದ್ದು, ಮುಕ್ತ ತಂತ್ರಾಂಶ, ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಎರಡು ಸಲ ಒತ್ತಿದರೆ ಪೂರ್ತಿ ಬೆಳಕು, ಮೂರು ಸಲ ಒತ್ತಿದರೆ ಶೆಲ್ ಎಷ್ಟು ಉಳಿದಿದೆ ಅಂತ ಮಿಣುಕಿ ಹೇಳುತ್ತದೆ, ನಾಲ್ಕು ಸಲ ಒತ್ತಿದರೆ ಲಾಕ್. ಮೇಣದಬತ್ತಿಯ ಹಾಗೆ ಅಲುಗಾಡುವ ಬೆಳಕೂ ಇದೆ, ಕರೆಂಟ್ ಇಲ್ಲದ ರಾತ್ರಿ ಸೂರಿಗೆ ಮುಖ ಮಾಡಿ ಇಟ್ಟರೆ ಊಟದ ಮನೆಗೆ ಅದೇ ಚೆಂದ. ಟಾರ್ಚ್ ಆರಿದ್ದಾಗಲೂ ಒಳಗೆ ಪುಟ್ಟ ಬಣ್ಣದ ದೀಪಗಳು ಉರಿಯುತ್ತಿರುತ್ತವೆ. ಶೆಲ್ ತುಂಬಿದ್ದರೆ ನೇರಳೆ, ಇಳಿಯುತ್ತಾ ನೀಲಿ, ಹಸಿರು, ಹಳದಿ, ಕೊನೆಗೆ ಕೆಂಪು. ಕತ್ತಲಲ್ಲಿ ಟಾರ್ಚ್ ಎಲ್ಲಿಟ್ಟೆ ಅಂತ ತಡಕಾಡುವುದೇ ತಪ್ಪಿತು. ಮೊದಲ ವಾರ ಇದೆಲ್ಲ ತಲೆನೋವು ಅನ್ನಿಸುತ್ತದೆ, ನಿಜ. ಎರಡನೇ ವಾರ ಬೆರಳೇ ಕಲಿತಿರುತ್ತದೆ.

ಇನ್ನು ಬಿಚ್ಚಿ ತಿದ್ದುವ ವಿಷಯ. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲೇ. ಅಮೆರಿಕದ ಜೀಬ್ರಾಲೈಟ್ ಒಳ್ಳೆಯ ಟಾರ್ಚ್, ಶೆಲ್ ಉಳಿಸುವುದರಲ್ಲಿ ಇದಕ್ಕಿಂತ ಮೇಲು, ಆದರೆ ಒಳಗಿನ ಬೋರ್ಡಿಗೆ ಅಂಟು ತುಂಬಿ ಮುಚ್ಚಿರುತ್ತಾರೆ, ಕೈ ಹಾಕುವ ಹಾಗಿಲ್ಲ. ಡಿ4ವಿ2 ಹಾಗಲ್ಲ. ಮುಂದಿನ ಬಳೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಗಾಜು, ರಬ್ಬರ್ ರಿಂಗ್, ನಾಲ್ಕು ಕಾಲಿನ ಪ್ಲಾಸ್ಟಿಕ್ ಲೆನ್ಸ್, ಅದರ ಕೆಳಗೆ ಎಲ್‌ಇಡಿಗಳು. ನಾನು ಮೊದಲು ಮಾಡಿದ್ದು ಅವುಗಳ ಗುಮ್ಮಟ ಕತ್ತರಿಸುವ ಕೆಲಸ. 519ಎ ಮೇಲೆ ಮೆತ್ತನೆಯ ಸಿಲಿಕೋನ್ ಗುಮ್ಮಟ ಇರುತ್ತದೆ. ಇಡೀ ಎಲ್‌ಇಡಿಯೇ ಮೂರೂವರೆ ಮಿಲಿಮೀಟರ್ ಚೌಕ, ಗುಮ್ಮಟ ಸಾಸಿವೆಗಿಂತ ತುಸು ದೊಡ್ಡದು. ಹೊಸ ಬ್ಲೇಡ್ ತೆಗೆದುಕೊಂಡು, ಅಡ್ಡಡ್ಡ ಮಲಗಿಸಿ, ಒಂದೇ ಎಳೆತಕ್ಕೆ ಮೇಲಿನ ಭಾಗ ಹಾರಿಸಬೇಕು. ಸರಿಯಾಗಿ ಬಿದ್ದರೆ ಕೆಳಗೆ ತೆಳ್ಳಗೆ ಒಂದು ಪದರ ಉಳಿಯುತ್ತದೆ. ಬೆಳಕು ಸ್ವಲ್ಪ ಕಮ್ಮಿಯಾಗುತ್ತದೆ, ಆದರೆ ಬೆಚ್ಚಗಾಗುತ್ತದೆ, ಹಸಿರು ಛಾಯೆ ಹೋಗಿ ತಿಳಿ ಗುಲಾಬಿ ಬರುತ್ತದೆ, ದೂರಕ್ಕೂ ಹೋಗುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕೆ ಕಮ್ಮಿಯಾದಷ್ಟೂ ಹಳದಿ. 5700 ಕೆಲ್ವಿನ್ ಇದ್ದದ್ದು 4500ರ ಹತ್ತಿರಕ್ಕೆ ಇಳಿಯಿತು. ಬೆಳಗ್ಗೆ ಎಂಟು ಗಂಟೆಯ ಬಿಸಿಲು ಇರುತ್ತದಲ್ವಾ, ಹಾಗೆ.

ಮೂರು ಸರಿಯಾಗಿ ಬಂದವು. ನಾಲ್ಕನೆಯದರಲ್ಲಿ ಬ್ಲೇಡ್ ಕೆಳಗೆ ಇಳಿದು ಹಳದಿ ಪದರದ ಮೂಲೆ ಕಿತ್ತು ಬಂತು. ಹೊತ್ತಿಸಿದರೆ ಆ ಮೂಲೆಯಿಂದ ಬರೀ ನೀಲಿ. ಬೇರೆ ಎಲ್‌ಇಡಿ ತರಿಸಿ ಹಾಕಿದೆ. ಅದಕ್ಕೆ ನಾಲ್ಕೂ ಕೂತಿರುವ ತಾಮ್ರದ ತಟ್ಟೆಯನ್ನೇ ಬಿಚ್ಚಿ ಕಾಯಿಸಬೇಕು. ಹಳೆಯ ಇಸ್ತ್ರಿಪೆಟ್ಟಿಗೆ ಉಲ್ಟಾ ಇಟ್ಟು, ಹತ್ತಿ ಬಟ್ಟೆಯ ಬಿಸಿಗೆ ತಿರುಗಿಸಿ, ಮೇಲೆ ತಟ್ಟೆ ಇಟ್ಟು ಕಾದೆ. ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತದೆ. ಮಂಕಾಗಿದ್ದ ಬೆಸುಗೆ ಇದ್ದಕ್ಕಿದ್ದ ಹಾಗೆ ಪಾದರಸದಂತೆ ಹೊಳೆಯುತ್ತದೆ, ಆಗ ಚಿಮಟದಲ್ಲಿ ಹಳೆಯದನ್ನು ಎತ್ತಿ ಹೊಸದನ್ನು ಇಡಬೇಕು. ಇಟ್ಟ ತಕ್ಷಣ ಎಲ್‌ಇಡಿ ತಾನೇ ಸರಿದು ತನ್ನ ಜಾಗದಲ್ಲಿ ಕೂರುತ್ತದೆ. ಆ ಕ್ಷಣ ನೋಡಬೇಕು ನೀವು. ಕಿಟಕಿ ತೆರೆದಿಟ್ಟು ಮಾಡಿ, ಆ ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಬಟ್ಟೆಗೆ ಬಳಸಬೇಡಿ.

ಹೋದ ವರ್ಷ ತಾಮ್ರದ ಮೈಯದ್ದೂ ಒಂದು ತೆಗೆದುಕೊಂಡೆ. ಅಲ್ಯೂಮಿನಿಯಂಗಿಂತ ತಾಮ್ರ ಮೂರು ಪಾಲು ಭಾರ, ಪಂಚೆ ಉಟ್ಟಾಗ ಸೊಂಟಕ್ಕೆ ಸಿಕ್ಕಿಸುವ ಹಾಗಿಲ್ಲ. ಆದರೆ ಬಿಸಿ ತಡೆಯುವುದರಲ್ಲಿ ಗಟ್ಟಿ, ಪೂರ್ತಿ ಬೆಳಕು ಸ್ವಲ್ಪ ಹೊತ್ತು ಜಾಸ್ತಿ ನಿಲ್ಲುತ್ತದೆ. ಎರಡು ತಿಂಗಳಲ್ಲಿ ಮೈ ಕಂದು ತಿರುಗಿ, ಹೆಬ್ಬೆರಳು ಕೂರುವ ಜಾಗ ಮಾತ್ರ ಹೊಳೆಯುತ್ತಿತ್ತು. ನನಗೆ ಅದೇ ಇಷ್ಟ. ಅಮ್ಮನಿಗೆ ಇಷ್ಟ ಆಗಲಿಲ್ಲ. ದೇವರ ಪಾತ್ರೆ ತೊಳೆಯುವಾಗ ಅದನ್ನೂ ತೆಗೆದುಕೊಂಡು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ, ಹೊಸ ತಂಬಿಗೆಯ ಹಾಗೆ ಮಾಡಿ ಕೈಗೆ ಕೊಟ್ಟರು. ನೀವೂ ಮಾಡಬಹುದು, ಗುಂಡಿಯ ಸುತ್ತ ಮತ್ತು ತಿರುಪಿನ ಮರೆ ಇರುವ ಜಾಗಕ್ಕೆ ಹುಳಿ ಹೋಗದ ಹಾಗೆ ನೋಡಿಕೊಳ್ಳಿ. ಮರೆಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಮನೆಯಲ್ಲಿದೆ ಅಂತ ತೆಂಗಿನೆಣ್ಣೆ ಹಚ್ಚಬೇಡಿ, ಚಳಿಗೆ ಹೆಪ್ಪುಗಟ್ಟುತ್ತದೆ.

ಎಚ್ಚರಿಕೆಯ ಎರಡು ಮಾತು ಹೇಳಲೇಬೇಕು. ಜೇಬಿಗೆ, ಬ್ಯಾಗಿಗೆ ಹಾಕುವ ಮೊದಲು ಲಾಕ್ ಮಾಡಿ, ಇಲ್ಲವೇ ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲ ಮಾಡಿ. ನಾನು ಒಂದು ಸಲ ಮರೆತೆ. ರಾತ್ರಿ ಬಸ್ಸಿನಲ್ಲಿ ಬ್ಯಾಗಿನ ಒಳಗೆ ಗುಂಡಿ ಒತ್ತಿಕೊಂಡು, ಕಪ್ಪು ಶರ್ಟಿನ ಮೇಲೆ ಎಂಟಾಣೆ ಅಗಲದ ತೂತು ಬಿತ್ತು. ಸುಟ್ಟ ವಾಸನೆ ಬರದಿದ್ದರೆ ಇನ್ನೇನಾಗುತ್ತಿತ್ತೋ. ಇಷ್ಟು ಶಕ್ತಿ ಇರುವ ಟಾರ್ಚನ್ನು ಬೆಂಕಿಪೊಟ್ಟಣದ ಹಾಗೆ ನೋಡಿಕೊಳ್ಳಬೇಕು, ಮಕ್ಕಳ ಕೈಗೆ ಕೊಡಲೇಬಾರದು.

ಎರಡನೆಯದು ಶೆಲ್. ಟಾರ್ಚಿನ ಜೊತೆ ವಿಮಾನದಲ್ಲಿ ಲಿಥಿಯಂ ಶೆಲ್ ತರಿಸುವುದು ರಗಳೆ, ಇಲ್ಲೇ ಕೊಳ್ಳಿ. ನಾನು ಮೊದಲು ಆನ್‌ಲೈನ್‌ನಲ್ಲಿ ಯಾರೋ ಮಾರುತ್ತಿದ್ದ 9900 ಎಂಎಎಚ್ ಅಂತ ಬರೆದ ಶೆಲ್ ತರಿಸಿ ಮೋಸ ಹೋದೆ, ಹತ್ತೇ ನಿಮಿಷಕ್ಕೆ ಮಂಕಾಯಿತು. 18650 ಅಳತೆಯಲ್ಲಿ ಅಷ್ಟು ಹಿಡಿಸುವುದೇ ಇಲ್ಲ, ಒಳ್ಳೆಯ ಕಂಪನಿಯದ್ದು ಮೂರು ಮೂರೂವರೆ ಸಾವಿರದ ಸುತ್ತಮುತ್ತ ಇರುತ್ತದೆ. ಈ ಟಾರ್ಚಿಗೆ ಜಾಸ್ತಿ ಕರೆಂಟ್ ಕೊಡಬಲ್ಲ, ತಲೆ ಚಪ್ಪಟೆ ಇರುವ ಶೆಲ್ ಬೇಕು. ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಹುಡುಕಿ, ಸ್ಯಾಮ್‌ಸಂಗ್ 30ಕ್ಯೂ ಅಂತ ಕೇಳಿ, ಹಳೆ ಲ್ಯಾಪ್‌ಟಾಪಿನಿಂದ ಕಿತ್ತದ್ದು ಮಾತ್ರ ತರಬೇಡಿ. ಟಾರ್ಚಿನಲ್ಲಿ ಚಾರ್ಜಿಂಗ್ ತೂತು ಇಲ್ಲ, ಬೇರೆ ಚಾರ್ಜರ್ ಬೇಕೇಬೇಕು. ಹಲವರಿಗೆ ಇದು ಕೊರತೆ ಅನ್ನಿಸಬಹುದು. ನಮ್ಮ ಮಳೆಯಲ್ಲಿ ತಿರುಗುವ ನನಗೆ ತೂತು ಇಲ್ಲದಿದ್ದರೇ ಒಳ್ಳೆಯದು.

ಇಷ್ಟೆಲ್ಲ ಬೇಡ, ಸುಮ್ನೆ ಒಂದು ಒಳ್ಳೆಯ ಬೆಳಕು ಸಾಕು ಅನ್ನುವವರು ಕಾನ್ವಾಯ್ ಎಸ್2+ ನೋಡಿ. ಅದರಲ್ಲೂ 519ಎ ಸಿಗುತ್ತದೆ, ದುಡ್ಡು ಅರ್ಧಕ್ಕಿಂತ ಕಮ್ಮಿ, ಹಿಂದುಗಡೆ ಹಳೆ ಕಾಲದ ಹಾಗೆ ಟಕ್ ಅನ್ನುವ ಗುಂಡಿ. ಭಾವನಿಗೆ ಅದನ್ನೇ ಕೊಡಿಸಿದೆ, ಖುಷಿಯಾಗಿದ್ದಾರೆ.

ಅಪ್ಪನಿಗೆ ಮಾತ್ರ ಡಿ4ವಿ2ಯೇ ತರಿಸಿದೆ, 2700 ಕೆಲ್ವಿನ್ 519ಎ ಹಾಕಿಸಿ. ಅದು ಪೂರ್ತಿ ಹಳೆ ಬಲ್ಬಿನ ಹಳದಿ. ಸರಳ ಮೋಡ್‌ನಲ್ಲೇ ಬಿಟ್ಟಿದ್ದೇನೆ, ತಪ್ಪಿ ಎರಡು ಸಲ ಒತ್ತಿದರೂ ಸುಡುವಷ್ಟು ಏರುವುದಿಲ್ಲ. ಬಾಗಿಲ ಹಿಂದೆ, ಎವರೆಡಿ ನೇತು ಹಾಕುತ್ತಿದ್ದ ಮೊಳೆಗೇ ದಾರ ಕಟ್ಟಿ ತೂಗುಹಾಕಿದ್ದಾರೆ. ಭಾನುವಾರ ಫೋನಿನಲ್ಲಿ ಅಮ್ಮ ಟಾರ್ಚಿನ ವರದಿ ಕೊಡುತ್ತಾರೆ. ಮೂರು ಸಲ ಒತ್ತಿ, ಎಣಿಸಿ, "ನಾಲ್ಕು ಸಲ ಮಿಣುಕಿತು, ಆಮೇಲೆ ಒಂದು" ಅನ್ನುತ್ತಾರೆ. ಅಂದರೆ 4.1 ವೋಲ್ಟ್, ಶೆಲ್ ಹೆಚ್ಚುಕಮ್ಮಿ ತುಂಬಿದೆ. ಮೂರು, ಆಮೇಲೆ ಐದು ಅಂದ ದಿನ ಶೆಲ್ ತೆಗೆದು ಚಾರ್ಜಿಗೆ ಹಾಕಿ ಅಂತ ಹೇಳಿದ್ದೇನೆ.