ಕಾರ್ಖಾನೆ ಮೆಂಟೆನೆನ್ಸಾ, ಪ್ಯಾನೆಲ್ ಸರ್ವೀಸಾ?

ಐಟಿಐನಲ್ಲಿ 2 ವರ್ಷದ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಮುಗಿಸಿದವರಿಗೆ ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಈ ಎರಡು ದಾರಿ ಇವೆ.

ಒಂದೇ ಕಾರ್ಖಾನೆಯ ಮೆಂಟೆನೆನ್ಸ್ ಆದರೆ ರಾತ್ರಿಪಾಳಿ ತಪ್ಪಿದ್ದಲ್ಲ. ಆದರೆ ಯಂತ್ರದ ಸ್ವಭಾವ ಕೈಗೆ ಹತ್ತುತ್ತದೆ. ಟ್ಯಾಂಕ್ ಎಷ್ಟು ತುಂಬಿದೆ ಅನ್ನೋದನ್ನು 4ರಿಂದ 20 ಮಿಲಿಆಂಪ್ ಕರೆಂಟಾಗಿ ಕಳಿಸುವ ಲೆವೆಲ್ ಟ್ರಾನ್ಸ್‌ಮಿಟರ್‌ನಲ್ಲಿ ಮೀಟರ್ ಸೊನ್ನೆ ತೋರಿಸಿತು ಅನ್ನಿ. ಟ್ಯಾಂಕ್ ಖಾಲಿಯಾಗಿದ್ದರೂ 4 ಇರಬೇಕಲ್ವಾ? ಹಾಗಾದರೆ ವೈರ್ ಕಡಿದಿರಬೇಕು, ಇಲ್ಲಾ ಸಪ್ಲೈ ಹೋಗಿರಬೇಕು. ಸುಮ್ನೆ ಪಿಎಲ್‌ಸಿ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಬೈಯುವ ಮೊದಲು ಟರ್ಮಿನಲ್ ಸ್ಕ್ರೂ ಬಿಗಿ ಇದೆಯಾ ನೋಡಿ. ಎಷ್ಟೋ ಸಲ ಕಳ್ಳ ಅಲ್ಲೇ ಕೂತಿರುತ್ತಾನೆ!

ಪ್ಯಾನೆಲ್ (ಯಂತ್ರಗಳ ಕಂಟ್ರೋಲ್ ಪೆಟ್ಟಿಗೆ) ಮಾಡುವವರ ಹತ್ತಿರ ಸರ್ವೀಸ್ ಕೆಲಸವಾದರೆ ಇವತ್ತು ಸಕ್ಕರೆ ಕಾರ್ಖಾನೆ, ನಾಳೆ ಪ್ಯಾಕಿಂಗ್ ಯಂತ್ರ. ಬಗೆಬಗೆಯ ಡ್ರೈವ್ (ಮೋಟಾರ್ ವೇಗ ನಿಯಂತ್ರಿಸುವ ಸಾಧನ), ಪಿಎಲ್‌ಸಿ ನೋಡಸಿಗುತ್ತವೆ. ಓಡಾಟ ಜಾಸ್ತಿ, ಊಟಕ್ಕೆ ಹೊತ್ತುಗೊತ್ತಿಲ್ಲ.

ಹೊಸಬರಿಗೆ ನಾನಂತೂ ಮೊದಲು ಕಾರ್ಖಾನೆಯೇ ಸರಿ ಅನ್ನುತ್ತೇನೆ. ವೈರಿಂಗ್ ಡ್ರಾಯಿಂಗ್ ಓದೋದು ಅಲ್ಲೇ ನಿಧಾನವಾಗಿ ರೂಢಿಯಾಗುತ್ತದೆ.