ಕೈಹೊಲಿಗೆಯ ಹತ್ತಿ ಕಾಗದದ ಸ್ಕೆಚ್‌ಬುಕ್: ಕರಾವಳಿಯ ಮಳೆಗಾಲಕ್ಕೆ ಬಾಳುತ್ತದೆಯೇ?

ಮಂಗಳೂರಿನಲ್ಲಿ ಬಟ್ಟೆ ವಿನ್ಯಾಸಕ್ಕೆಂದು ಇಂಥ ಪುಸ್ತಕ ಕೊಳ್ಳುವವರು ಕಾಗದಕ್ಕಿಂತ ಮೊದಲು ರಟ್ಟಿನ ಅಂಟು ಯಾವುದೆಂದು ಕೇಳಿ. ನಾನು ವರ್ಷಗಳಿಂದ ಬಳಸುತ್ತಿರುವುದು ಎ5 ಅಳತೆಯದು: 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಹತ್ತಿ ಕಾಗದ, ಮೂರು ಮೂರು ಹಾಳೆ ಮಡಚಿದ ಏಳು ಫಾರಂ, ಒಟ್ಟು 84 ಪುಟ. ಮೇಣ ಹಚ್ಚಿದ ದಾರದ ಕಾಪ್ಟಿಕ್ ಹೊಲಿಗೆ, ಅಂದರೆ ಫಾರಂಗಳನ್ನು ಬೆನ್ನಿನಲ್ಲಿ ಸರಪಳಿಯಂತೆ ಒಂದಕ್ಕೊಂದು ಹೆಣೆಯುವ ಹೊಲಿಗೆ. ಬೆನ್ನಿಗೆ ಅಂಟಿಲ್ಲ, ಹಾಗಾಗಿ ಯಾವ ಪುಟ ತೆರೆದರೂ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಹೊಲಿಗೆ ಇಂದಿಗೂ ಬಿಗಿಯಾಗಿದೆ.

ಕೈಕೊಟ್ಟದ್ದು ಹೊದಿಕೆ. ಮೈದಾ ಗಂಜಿಯಲ್ಲಿ ಅಂಟಿಸಿದ ಬಟ್ಟೆಗೆ ಆಟಿ ತಿಂಗಳಲ್ಲಿ (ತುಳುನಾಡಿನ ಜುಲೈ-ಆಗಸ್ಟ್‌ನ ಮಳೆ ತಿಂಗಳು) ಬೂಸ್ಟು ಹಿಡಿಯಿತು. ಬೂಸ್ಟು ಬಾರದಂತೆ ಗಂಜಿಗೆ ಮೈಲುತುತ್ತು ಬೆರೆಸುವ ರೂಢಿ ಬೈಂಡರುಗಳಲ್ಲಿದೆ, ಇದರಲ್ಲಿ ಬೆರೆಸಿರಲಿಲ್ಲ. ಪಿವಿಎ (ಬಿಳಿ ಸಿಂಥೆಟಿಕ್) ಅಂಟಿನದೇ ಬೇಕೆಂದು ಹೇಳಿ ಮಾಡಿಸಿ. ರಟ್ಟಿನ ಒಳಮೈಗೂ ಕಾಗದ ಅಂಟಿಸಿರಬೇಕು. ಒಂದೇ ಕಡೆ ಅಂಟಿಸಿದರೆ ಆ ಕಡೆಗೆ ಸೊಟ್ಟಗಾಗುತ್ತದೆ. ಬೂಸ್ಟು ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಕಲೆ ಒಳಗಿಳಿಯುತ್ತದೆ. ಫ್ಯಾನಿನಡಿ ಪೂರ್ತಿ ಒಣಗಿಸಿ, ಮನೆಯ ಹೊರಗೆ ಮೆತ್ತನೆ ಬ್ರಷ್‌ನಿಂದ ಉದುರಿಸಿ.

ಬಟ್ಟೆಯ ತುಂಡುಗಳನ್ನು ಸೇರಿಸುವವರು ಮೊದಲೇ ಜಾಗ ಬಿಡಬೇಕು. ಎರಡು ಹಾಳೆಗೊಂದರಂತೆ ಬೆನ್ನಿನಿಂದ ಒಂದೂವರೆ ಸೆಂಟಿಮೀಟರ್ ಉಳಿಸಿ ಕತ್ತರಿಸಿ. ಉಳಿದ ಪಟ್ಟಿ ತುಂಡಿನ ದಪ್ಪವನ್ನು ಸರಿದೂಗಿಸುತ್ತದೆ. ಇಲ್ಲವಾದರೆ ಪುಸ್ತಕ ಬಾಯಿ ಬಿಟ್ಟು, ಹೊರಗಿನ ಫಾರಂಗಳ ಹೊಲಿಗೆಯ ತೂತು ಹರಿಯುತ್ತದೆ. ತುಂಡಿಗೆ ಅಂಟು ಹಚ್ಚಬೇಡಿ. ತೆಳು ಹತ್ತಿಯಲ್ಲಿ ಅದು ಇಂಗಿ ಬಣ್ಣ ಗಾಢವಾಗುತ್ತದೆ. ಮೇಲಂಚಿಗೆ ಮಾತ್ರ ಎರಡು ಹೊಲಿಗೆ ಹಾಕಿದರೆ ಎತ್ತಿ ಹಿಂಬದಿಯನ್ನೂ ನೋಡಬಹುದು. ಪಕ್ಕದಲ್ಲಿ ನೂಲಿನ ಕೌಂಟ್ (ಎಷ್ಟು ಸಣ್ಣ ನೂಲು ಎಂಬ ಅಳತೆ), ಇಂಚಿಗೆ ಹಾಸಿನ (ಉದ್ದದ) ಎಳೆ, ಹೊಕ್ಕಿನ (ಅಡ್ಡದ) ಎಳೆ, ಬಣ್ಣದ ಸರದಿ ಬರೆಯಿರಿ. ಉಡುಪಿ ಸೀರೆಯ ಸಣ್ಣ ಚೌಕಳಿಯಾದರೆ ‘ಕೆಂಪು 8, ಬಿಳಿ 24, ಕೆಂಪು 8’ ಎಂಬಂತೆ. ಸರದಿ ಇಲ್ಲದ ಚಿತ್ರ ನೇಕಾರರಿಗೆ ಅರ್ಧ ಮಾಹಿತಿ ಅಷ್ಟೇ.

ಅಳಲೆಕಾಯಿ, ಕಬ್ಬಿಣ ಬಳಸಿ ಬಂದ ಕಪ್ಪು ಬಣ್ಣದ ತುಂಡಿನ ಎದುರು ಆಮ್ಲರಹಿತ ಟಿಶ್ಯೂ ಇಡಿ. ತೇವದಲ್ಲಿ ಕಬ್ಬಿಣ ಎದುರು ಪುಟಕ್ಕೆ ದಾಟಿ ಕಾಗದವನ್ನು ಸವೆಸುತ್ತದೆ.

ಕಾಗದಕ್ಕೆ ಜಲವರ್ಣ ಚೆನ್ನಾಗಿ ಕೂರುತ್ತದೆ. ಆದರೆ ಹಲವು ಮಳೆಗಾಲ ಕಂಡ ಪುಟದಲ್ಲಿ ಒಳಗಿನ ಸೈಜಿಂಗ್ (ನೀರು ಬೇಗ ಹೀರದಂತೆ ಕಾಗದಕ್ಕೆ ಸೇರಿಸುವ ಅಂಟು) ಸಡಿಲಗೊಂಡು ಬಣ್ಣ ಹರಡುತ್ತದೆ. ಮೂಲೆಯಲ್ಲೊಂದು ಹನಿ ನೀರು ಬಿಟ್ಟು ನೋಡಿ, ಕೂಡಲೇ ಹೀರಿಕೊಂಡರೆ ಆ ಪುಟ ಪೆನ್ಸಿಲಿಗೆ. ನೇಯ್ಗೆಯ ವಿನ್ಯಾಸವನ್ನು ಚೌಕಗಳಲ್ಲಿ ಬಿಡಿಸುವ ಗ್ರಾಫ್ ಕೆಲಸಕ್ಕಂತೂ ಇದು ಬೇಡ, ಒರಟು ಮೈಯಲ್ಲಿ ನಿಬ್ಬಿಗೆ ನಾರು ಸಿಕ್ಕಿಕೊಳ್ಳುತ್ತದೆ.

ಜೂನ್‌ಗೆ ಮುನ್ನ ಪುಸ್ತಕ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್‌ನ ನೀಲಿ ಹರಳು ಗುಲಾಬಿಯಾದರೆ ಓವನ್‌ನಲ್ಲಿ 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಮತ್ತೆ ನೀಲಿಯಾದ ಮೇಲೆ ಬಳಸಬಹುದು.