ಹೋಮ್‌ಸ್ಟೇ ವೆಬ್‌ಸೈಟಿಗೆ ನಾವೇ ಬರೆಯುದಾ, ಬರೆಸುದಾ?

ಮಲ್ಪೆ ಕಡೆ ಹೋಮ್‌ಸ್ಟೇ ಮಾಡಿದವರಿಗೆಲ್ಲ ಇದೇ ಪ್ರಶ್ನೆ. ದುಡ್ಡು ಕೊಟ್ಟು ಬರೆಸಿದ್ರೆ ಬೇಗ ಆಗ್ತದೆ, ತಪ್ಪು ಕಮ್ಮಿ, ಜನ ಗೂಗಲ್‌ನಲ್ಲಿ ಹುಡುಕುವ ಪದ ಟೈಟಲ್‌ನಲ್ಲೇ ಇರ್ತದೆ, ಆದ್ರೆ "ಪ್ರಕೃತಿಯ ಮಡಿಲಲ್ಲಿ ಅವಿಸ್ಮರಣೀಯ ಅನುಭವ" ಅಂತ ಬರೆದು ಕೊಟ್ರೆ ಅದು ಕೊಡಗಿನ ಹೋಮ್‌ಸ್ಟೇಗೂ ಆಗ್ತದೆ ಮಾರ್ರೆ.

ನಾವೇ ಬರೆದ್ರೆ ನಾಲ್ಕು ರಾತ್ರಿ ಹೋಗ್ತದೆ, ನಿಜ. ಆದ್ರೆ ಬೆಳಿಗ್ಗೆ ನೀರ್‌ದೋಸೆ ಜೊತೆ ಕಾಯಿಬೆಲ್ಲ ಉಂಟು, ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಬಿಡುದಿಲ್ಲ, ಅಜ್ಜಿಯಂದಿರಿಗೆ ಕೆಳಗಿನ ರೂಮೇ ಕೊಡ್ತೇವೆ, ಇಂಥದ್ದು ಓದಿಯೇ ಜನ ಫೋನ್ ಮಾಡುದು.

ನನ್ನ ಪ್ರಕಾರ ಗೆಸ್ಟ್ ಹತ್ರ ಮಾತಾಡುವ ಹಾಗೆ ಮೊದಲು ನೀವೇ ಬರೀರಿ, ಟೈಟಲ್ ಮತ್ತೆ ಇಂಗ್ಲಿಷ್ ಪೇಜ್ ಮಾತ್ರ ಗೊತ್ತಿದ್ದವರಿಗೆ ಕೊಡಿ. ಯಾರೇ ಬರೆಯಲಿ, ರೇಟ್ ಮುಚ್ಚಿಡ್ಬೇಡಿ.